ಘಾಟು ತಿಳಿಯುತ್ತದೆ, ಘಮ ತಿಳಿಯುವುದಿಲ್ಲ

ಪ್ರಶ್ನೆ: ನಾವು ಬ್ಯಾಡಗಿಯವರು. ಯಜಮಾನರು ಮೆಣಸಿನಕಾಯಿ ದಲಾಲಿ ಅಂಗಡಿಯಲ್ಲಿ ಲೆಕ್ಕ ಬರೆಯುತ್ತಾರೆ. ಮಗನಿಗೆ 17 ತುಂಬಿ ಮೂರು ತಿಂಗಳಾಯಿತು, ದ್ವಿತೀಯ ಪಿಯುಸಿ. ಓದಿನಲ್ಲಿ ಚುರುಕು. ಆದರೆ ಇನ್ನೂ ಮೀಸೆ ಚಿಗುರಿಲ್ಲ, ದನಿ ಒಡೆದಿಲ್ಲ. ಫೋನಿನಲ್ಲಿ ಮಾತನಾಡಿದರೆ ಎಲ್ಲರೂ ‘ಹೇಳಕ್ಕಾ’ ಎನ್ನುತ್ತಾರೆ. ಎತ್ತರ ಮಾತ್ರ ಬೆಳೆಯುತ್ತಲೇ ಇದ್ದಾನೆ. ಕಾಲೇಜಿನಲ್ಲಿ ಹುಡುಗರು ಕಾಡಿಸುತ್ತಾರೆಂದು ಊಟದ ಬಿಡುವಿನಲ್ಲಿ ಗ್ರಂಥಾಲಯದಲ್ಲಿ ಕೂರುತ್ತಾನೆ. ಹೋದ ತಿಂಗಳು ಇನ್ನೊಂದು ಸಂಗತಿ ಗೊತ್ತಾಯಿತು. ಒಲೆಯ ಗುಂಡಿ ಸರಿಯಾಗಿ ಮುಚ್ಚದೆ ಗ್ಯಾಸ್ ಸೋರುತ್ತಿತ್ತು. ಅವನು ಅಡುಗೆಮನೆಯಲ್ಲೇ ಕುಳಿತು ಓದುತ್ತಿದ್ದರೂ ತಿಳಿಯಲಿಲ್ಲ. ಗದರಿಸಿದಾಗ ‘ವಾಸನೆ ಎಂದರೆ ಏನೆಂದೇ ನನಗೆ ಗೊತ್ತಿಲ್ಲ, ಅವ್ವಾ’ ಎಂದ. ಕಿವಿ-ಮೂಗು-ಗಂಟಲಿನ ಡಾಕ್ಟರೊಬ್ಬರು ಮೂಗಿನ ನಡುಗೋಡೆ ಸ್ವಲ್ಪ ಸೊಟ್ಟ ಇದೆ, ಆಪರೇಷನ್ ಮಾಡಿಸಬಹುದು ಎಂದರು. ನಮ್ಮ ನಾದಿನಿ ‘ಒಗ್ಗರಣೆಗೆ ಮೆಣಸಿನಕಾಯಿ ಹಾಕಿದರೆ ಸೀನುತ್ತಾನಲ್ಲ, ಮೂಗಿಗೇನಾಗಿದೆ’ ಎನ್ನುತ್ತಾಳೆ. ಈಗ ಅವನು ಮೊಬೈಲಿನಲ್ಲಿ ನೋಡಿ ‘ಫೆರೊಮೋನ್’ ಇರುವ ಸೆಂಟು ತರಿಸಿದ್ದಾನೆ. ವಾಸನೆಗೂ ಗಂಡಸಿನ ಹಾರ್ಮೋನಿಗೂ ಸಂಬಂಧ ಇದೆಯೆಂದು ವಿಜ್ಞಾನಿಗಳೇ ಹೇಳಿದ್ದಾರಂತೆ. ಹೌದೇ? ಬರೆಯಬೇಕೋ ಬೇಡವೋ ತಿಳಿಯದು: ಎರಡು ವರ್ಷದವನಿದ್ದಾಗ ಒಂದು ಬೀಜ ಕೆಳಗಿಳಿದಿಲ್ಲವೆಂದು ಆಪರೇಷನ್ ಆಗಿತ್ತು. ನನ್ನ ಅಣ್ಣನಿಗೂ ಗಡ್ಡ ಬರಲಿಲ್ಲ, ಮಕ್ಕಳೂ ಆಗಲಿಲ್ಲ. ಎಲ್ಲಾ ನಿನ್ನ ತವರಿನ ದೋಷ ಎಂದು ಮನೆಯಲ್ಲಿ ಮಾತು ನಡೆದಿದೆ.

ಉತ್ತರ: ಹಿಂಜರಿಯುತ್ತಲೇ ಕೊನೆಗೆ ಸೇರಿಸಿದಿರಲ್ಲ, ಆ ಎರಡು ಮೂರು ಸಾಲು ಇಲ್ಲದಿದ್ದರೆ ನನ್ನ ಉತ್ತರ ಬೇರೆಯೇ ಆಗುತ್ತಿತ್ತು. ಮೀಸೆಯ ಚಿಂತೆ ಒಂದು, ಮೂಗಿನದು ಇನ್ನೊಂದು, ಎರಡನೇ ವಯಸ್ಸಿನ ಆಪರೇಷನ್ ಹಳೆಯ ಮಾತು, ಅಣ್ಣನ ಸಂಸಾರದ್ದು ಮನೆಯೊಳಗಿನ ಸಂಗತಿ ಎಂದು ನೀವು ನಾಲ್ಕನ್ನೂ ಬೇರೆ ಬೇರೆ ಗಂಟು ಕಟ್ಟಿಟ್ಟಿದ್ದೀರಿ. ಹುಬ್ಬಳ್ಳಿಯಲ್ಲಿ ಹಾರ್ಮೋನು ಕಾಯಿಲೆಗಳಿಗೆ ಚಿಕಿತ್ಸೆ ಕೊಡುವ ನನಗೆ ನಾಲ್ಕೂ ಒಂದೇ ದಾರದಲ್ಲಿ ಪೋಣಿಸಿದಂತೆ ಕಾಣುತ್ತಿವೆ. ಪತ್ರ ಓದಿ ರೋಗದ ಹೆಸರು ಹೇಳುವುದು ತಪ್ಪು. ಹುಡುಗನನ್ನು ನೋಡಬೇಕು, ರಕ್ತ ಪರೀಕ್ಷೆ ಆಗಬೇಕು. ಆದರೆ ಯಾವ ಬಾಗಿಲು ತಟ್ಟಬೇಕು, ಎಲ್ಲಿ ದುಡ್ಡು ಸುರಿಯಬಾರದು ಎಂಬಷ್ಟನ್ನು ಇಲ್ಲಿಂದಲೇ ಹೇಳಬಲ್ಲೆ.

ಮೊದಲು ನಿಮ್ಮ ನಾದಿನಿಯ ವಾದ. ಅದು ದಡ್ಡರ ಮಾತೇನೂ ಅಲ್ಲ, ಓದಿದವರೂ ಅಲ್ಲೇ ಎಡವುತ್ತಾರೆ. ನಮ್ಮ ಭಾಷೆಯಲ್ಲಿ ಘಮ ಬೇರೆ, ಘಾಟು ಬೇರೆ. ಹೀಗೆ ಎರಡು ಮಾತು ಮಾಡಿಟ್ಟವರು ನರಶಾಸ್ತ್ರ ಓದಿರಲಿಲ್ಲ, ಆದರೂ ಗೆರೆ ಎಳೆದದ್ದು ಸರಿಯಾದ ಜಾಗದಲ್ಲಿಯೇ. ಮಲ್ಲಿಗೆಯ, ಇಂಗಿನ, ಕಾಯುವ ತುಪ್ಪದ ಘಮ ತಿಳಿಯುವುದು ಮೂಗಿನ ಒಳಗೆ ಮೇಲ್ತುದಿಯಲ್ಲಿರುವ ಘ್ರಾಣಕೋಶಗಳಿಂದ. ಮನುಷ್ಯರ ಈ ಕೋಶಗಳಲ್ಲಿ ಸುಮಾರು 400 ಬಗೆಯ ಗ್ರಾಹಕಗಳಿವೆ. ಇಂಥ ಗ್ರಾಹಕಗಳ ಜೀನುಗಳ ದೊಡ್ಡ ಕುಟುಂಬವನ್ನು 1991ರಲ್ಲಿ ಇಲಿಗಳಲ್ಲಿ ಪತ್ತೆ ಮಾಡಿದ ಲಿಂಡಾ ಬಕ್ ಮತ್ತು ರಿಚರ್ಡ್ ಆಕ್ಸೆಲ್ ಅವರಿಗೆ 2004ರಲ್ಲಿ ನೊಬೆಲ್ ಬಂತು. ಘಾಟಿನ ಸುದ್ದಿ ಒಯ್ಯುವುದು ಮುಖ, ಕಣ್ಣು, ಮೂಗಿನ ಒಳಪದರಗಳಿಗೆಲ್ಲ ಹರಡಿರುವ ಬೇರೊಂದು ನರ. ಅದರ ತುದಿಗಳಲ್ಲಿ ಮೆಣಸಿನಕಾಯಿಯ ಕ್ಯಾಪ್ಸೈಸಿನ್ನನ್ನು ಗುರುತಿಸುವ ಗ್ರಾಹಕವಿದೆ. ಸುಡುವ ಬಿಸಿಯನ್ನು ಗುರುತಿಸುವುದೂ ಅದೇ. ಅದನ್ನು 1997ರಲ್ಲಿ ಕಂಡುಹಿಡಿದ ಡೇವಿಡ್ ಜೂಲಿಯಸ್ ಅವರಿಗೆ 2021ರಲ್ಲಿ ನೊಬೆಲ್. ಅಂದರೆ ಒಗ್ಗರಣೆಯ ಹೊತ್ತಿಗೆ ನಿಮ್ಮ ಮಗ ಸೀನುವುದು ಉರಿ ತಾಗಿ. ವಾಸನೆಯೇ ತಿಳಿಯದವನನ್ನು ನಿಮ್ಮೂರ ಮಾರುಕಟ್ಟೆಯ ಚೀಲಗಳ ನಡುವೆ ನಿಲ್ಲಿಸಿದರೂ ಅವನ ಕಣ್ಣಲ್ಲಿ ನೀರು ಬರುತ್ತದೆ. (ಬ್ಯಾಡಗಿ ಕಾಯಿಗೆ ಬಣ್ಣ ಜಾಸ್ತಿ, ಖಾರ ಕಡಿಮೆ; ಗುಂಟೂರಿನದಾದರೆ ಇನ್ನೂ ಬೇಗ ಬರುತ್ತದೆ.)

ಇದನ್ನು ಮನೆಯಲ್ಲೇ ಸ್ವಲ್ಪ ಮಟ್ಟಿಗೆ ನೋಡಬಹುದು. ಕಣ್ಣು ಮುಚ್ಚಿಸಿ, ಒಂದು ಹೊಳ್ಳೆ ಒತ್ತಿ ಹಿಡಿದು, ಕಾಫಿಪುಡಿ, ಇಂಗು, ಹುರಿದ ಜೀರಿಗೆ, ಮಲ್ಲಿಗೆ ಹೂವುಗಳನ್ನು ಒಂದೊಂದಾಗಿ ಮೂಗಿನ ಹತ್ತಿರ ಹಿಡಿಯಿರಿ. ನಡುನಡುವೆ ಖಾಲಿ ಬಟ್ಟಲನ್ನೂ ಹಿಡಿಯಿರಿ, ಇಲ್ಲದಿದ್ದರೆ ಹುಡುಗರು ಊಹಿಸಿ ಹೇಳುತ್ತಾರೆ. ಕರ್ಪೂರ, ನೀಲಗಿರಿ ಎಣ್ಣೆ, ನೆಗಡಿಯ ಮುಲಾಮು ಬೇಡ. ಅವುಗಳ ತಂಪು ಘಾಟಿನ ನರಕ್ಕೂ ತಿಳಿಯುತ್ತದೆ. ಆಮೇಲೆ ಧಾರವಾಡ ಪೇಡಾಕ್ಕೂ ಬೆಲ್ಲಕ್ಕೂ ಏನು ವ್ಯತ್ಯಾಸ ಎಂದು ಕೇಳಿ. ಹುಟ್ಟಿನಿಂದ ವಾಸನೆ ಇಲ್ಲದವರು ‘ಎರಡೂ ಸಿಹಿ, ಒಂದು ಮೆತ್ತಗಿದೆ, ಒಂದು ಗಟ್ಟಿ’ ಎಂಬ ಬಗೆಯ ಉತ್ತರ ಕೊಡುತ್ತಾರೆ. 17 ವರ್ಷ ಮನೆಯಲ್ಲಿ ಯಾರಿಗೂ ತಿಳಿಯಲಿಲ್ಲವೇ ಎಂದು ನೊಂದುಕೊಳ್ಳಬೇಡಿ. ಇದು ಹೊರಗೆ ಕಾಣುವ ಕೊರತೆಯಲ್ಲ. ಎಲ್ಲರೂ ‘ಆಹಾ, ಏನು ಘಮ’ ಎಂದಾಗ ಅಂಥ ಮಗುವೂ ಆಹಾ ಎನ್ನುತ್ತದೆ. ದೊಡ್ಡವರು ಹೀಗೆ ಮಾತನಾಡುವುದೊಂದು ವಾಡಿಕೆ ಎಂದುಕೊಂಡಿರುತ್ತದೆ.

ನೆಗಡಿ ಅಥವಾ ಕೋವಿಡ್ ಆದಮೇಲೆ ಹೋದ ವಾಸನೆಯ ಕಥೆ ಬೇರೆ. ಅದು ಹಲವರಿಗೆ ಮರಳುತ್ತದೆ, ದಿನವೂ ಕೆಲವು ವಾಸನೆಗಳನ್ನು ಮೂಸುವ ಅಭ್ಯಾಸದಿಂದ ನೆರವೂ ಆಗುತ್ತದೆ. ನಿಮ್ಮ ಮಗನಿಗೆ ಅದು ಅನ್ವಯಿಸುವಂತೆ ಕಾಣುವುದಿಲ್ಲ. ಮೂಗಿನ ನಡುಗೋಡೆ ಸ್ವಲ್ಪ ಸೊಟ್ಟಗಿರುವುದು ಎಷ್ಟೋ ಜನರಲ್ಲಿ ಕಾಣುವ ಸಂಗತಿ, ನನ್ನದೂ ಸೊಟ್ಟಗೇ ಇದೆ. ಉಸಿರಾಟಕ್ಕೆ ತೊಂದರೆ ಇದ್ದರೆ ಆ ಆಪರೇಷನ್ನಿಗೆ ಅರ್ಥವಿದೆ. ಹುಟ್ಟಿನಿಂದ ಇಲ್ಲದ ವಾಸನೆ ಅದರಿಂದ ಬರುವುದಿಲ್ಲ. ಆ ದುಡ್ಡನ್ನು ಸದ್ಯಕ್ಕೆ ಹಾಗೇ ಇಟ್ಟುಕೊಳ್ಳಿ.

ಇನ್ನು ಸೆಂಟಿನ ಬಾಟಲಿ. ಜಾಹೀರಾತು ಶುರುವಾಗುವುದು ನಿಜದಿಂದಲೇ. ಜರ್ಮನಿಯ ಅಡಾಲ್ಫ್ ಬ್ಯೂಟೆನಾಂಟ್ ಅವರ ತಂಡ ಸುಮಾರು 5 ಲಕ್ಷ ಹೆಣ್ಣು ರೇಷ್ಮೆ ಪತಂಗಗಳ ಗ್ರಂಥಿಗಳಿಂದ ಒಂದು ವಸ್ತುವನ್ನು ಬೇರ್ಪಡಿಸಿ 1959ರಲ್ಲಿ ಪ್ರಕಟಿಸಿತು. ಒಂದು ಪ್ರಾಣಿ ಹೊರಬಿಟ್ಟು, ಅದೇ ಜಾತಿಯ ಇನ್ನೊಂದರ ನಡವಳಿಕೆಯನ್ನು ಬದಲಿಸುವ ಇಂಥ ವಸ್ತುಗಳಿಗೆ ಅದೇ ವರ್ಷ ‘ಫೆರೊಮೋನ್’ ಎಂಬ ಹೆಸರೂ ಹುಟ್ಟಿತು. ಆ ವಸ್ತುವಿನ ಎಳೆಯೊಂದು ಗಾಳಿಯಲ್ಲಿ ಬಂದರೆ ಸಾಕು, ಗಂಡು ಪತಂಗ ರೆಕ್ಕೆ ಬಡಿಯುತ್ತ ಹೆಣ್ಣಿನತ್ತ ಹೊರಡುತ್ತದೆ; ಬಿತ್ತನೆ ಕೋಠಿಯಲ್ಲಿ ಕೆಲಸ ಮಾಡಿದವರಿಗೆ ಇದು ದಿನದ ನೋಟ. ಹಂದಿಗಳಲ್ಲೂ ಹಾಗೆಯೇ: ಗಂಡುಹಂದಿಯ ಜೊಲ್ಲಿನಲ್ಲಿರುವ ಆಂಡ್ರೋಸ್ಟಿನೋನ್ ಮೂಗಿಗೆ ಬಡಿದರೆ ಬೆದೆಗೆ ಬಂದ ಹೆಣ್ಣುಹಂದಿ ಕದಲದೆ ನಿಂತುಬಿಡುತ್ತದೆ. ಹಾವೇರಿ ಸೀಮೆಯಲ್ಲಿ ಹೋರಿ ಸಾಕದ ಊರುಂಟೇ? ಹಸುವಿನ ಗಂಜಳ ಮೂಸಿದ ಹೋರಿ ಮೇಲ್ದುಟಿ ಸುರುಳಿ ಮಾಡಿ, ಕತ್ತೆತ್ತಿ, ನಗುವಂತೆ ನಿಲ್ಲುವುದನ್ನು ನೀವು ನೋಡಿರುತ್ತೀರಿ. ಆಗ ಅದು ಆ ರಾಸಾಯನಿಕಗಳನ್ನು ಅಂಗುಳಿನ ಮೇಲಿರುವ ಒಂದು ವಿಶೇಷ ಅಂಗಕ್ಕೆ ಎಳೆದುಕೊಳ್ಳುತ್ತಿರುತ್ತದೆ.

ಜಾಹೀರಾತು ಜಾರುವುದು ಹೋರಿಯಿಂದ ಮನುಷ್ಯನಿಗೆ ದಾಟುವಾಗ. ಆ ವಿಶೇಷ ಅಂಗ ನಮ್ಮಲ್ಲಿ ಭ್ರೂಣದಲ್ಲಿ ಕಾಣಿಸಿಕೊಂಡು ಹಿಂದೆ ಸರಿಯುತ್ತದೆ. ಕೆಲವು ದೊಡ್ಡವರ ಮೂಗಿನಲ್ಲಿ ಅದರ ಗುರುತಾಗಿ ಒಂದು ಸಣ್ಣ ಕುಳಿ ಉಳಿದಿರಬಹುದು, ಆದರೆ ಅಲ್ಲಿಂದ ಮಿದುಳಿಗೆ ಕೆಲಸ ಮಾಡುವ ನರವಿಲ್ಲ. ಇಲಿಗಳಲ್ಲಿ ಆ ಅಂಗ ನಡೆಯಲು ಬೇಕಾದ ಒಂದು ಮುಖ್ಯ ಜೀನು ನಮ್ಮಲ್ಲಿ ಮುರಿದುಹೋಗಿದೆ. ಮನುಷ್ಯರ ಫೆರೊಮೋನ್ ಎಂದು ಖಚಿತವಾಗಿ ಸಾಬೀತಾದ ಒಂದೇ ಒಂದು ಅಣುವೂ ಈವರೆಗೆ ಇಲ್ಲ. ಹಾಗೆಂದು ವಾಸನೆಗೆ ನಮ್ಮ ಮೇಲೆ ಯಾವ ಹಿಡಿತವೂ ಇಲ್ಲವೆಂದು ನಾನು ಹೇಳಲಾರೆ. ಇಸ್ರೇಲಿನ ನೋಮ್ ಸೋಬೆಲ್ ಅವರ ಪ್ರಯೋಗಾಲಯ 2011ರಲ್ಲಿ, ದುಃಖದಿಂದ ಅತ್ತ ಹೆಂಗಸರ ಕಣ್ಣೀರನ್ನು ಮೂಸಿದ ಗಂಡಸರಲ್ಲಿ ಟೆಸ್ಟೋಸ್ಟಿರೋನ್ ಎಂಬ ಗಂಡಸಿನ ಹಾರ್ಮೋನು ಸ್ವಲ್ಪ ಹೊತ್ತು ಇಳಿಯಿತು ಎಂದು ವರದಿ ಮಾಡಿತು. ಕುತೂಹಲದ ಕೆಲಸ. ಆದರೆ ಅದು ಸ್ವಲ್ಪ ಹೊತ್ತಿನ, ಸ್ವಲ್ಪ ಪ್ರಮಾಣದ ಏರಿಳಿತ, ಮೀಸೆ ಬರಿಸುವಂಥದ್ದಲ್ಲ. ಇಂಥ ಬಾಟಲಿಗಳ ಮೇಲೆ ಹೆಚ್ಚಾಗಿ ಬರೆದಿರುವುದು ಆ ಹಂದಿಯ ಆಂಡ್ರೋಸ್ಟಿನೋನ್ ಅಥವಾ ಅದರ ನೆಂಟರ ಹೆಸರು. ಆಂಡ್ರೋಸ್ಟಿನೋನ್ ಕೆಲವರಿಗೆ ಉಚ್ಚೆಯ ನಾತ, ಕೆಲವರಿಗೆ ಸಿಹಿ ವಾಸನೆ, ಕೆಲವರಿಗೆ ಏನೂ ಇಲ್ಲ. ಅವರವರ ಗ್ರಾಹಕದ ಜೀನಿಗೆ ತಕ್ಕ ಹಾಗೆ. ಬೆಲೆ ನೋಡಿದರೆ ಮೂಗಿಗಿಂತ ಮೂಗುತಿ ಭಾರ. ಅವನನ್ನು ಗದರಿಸಬೇಡಿ. ಕಾಲೇಜಿನಲ್ಲಿ ಅಪಹಾಸ್ಯಕ್ಕೆ ಗುರಿಯಾದ ಹುಡುಗ ತನಗೆ ಸಿಕ್ಕ ದಾರಿ ಹಿಡಿದಿದ್ದಾನೆ, ಅದೂ ತಾನೇ ಮೂಸಲಾಗದ ವಸ್ತುವನ್ನು ನಂಬಿ.

ಹಾಗಿದ್ದರೂ ಅವನು ಕೇಳಿದ ಪ್ರಶ್ನೆ ಬಹಳ ಒಳ್ಳೆಯದು. ಮೂಗಿಗೂ ಗಂಡಸಿನ ಹಾರ್ಮೋನಿಗೂ ನಂಟಿದೆ. ಆ ನಂಟು ಕೂಡಿದ್ದು ನೀವು ಅವನನ್ನು ಹೊತ್ತ ಮೊದಲ ಕೆಲವು ತಿಂಗಳಲ್ಲಿ.

ಹುಡುಗ ಗಂಡಸಾಗುವ, ಹುಡುಗಿ ಮೈನೆರೆಯುವ ಆಜ್ಞೆ ಹೊರಡುವುದು ಮಿದುಳಿನ ತಳದ ಹೈಪೊಥಲಾಮಸ್ ಎಂಬಲ್ಲಿಂದ. ಅಲ್ಲಿ ಕೆಲವೇ ಸಾವಿರ ನರಕೋಶಗಳು ಒಂದೂವರೆ ಎರಡು ಗಂಟೆಗೊಮ್ಮೆ ಜಿಎನ್‌ಆರ್‌ಎಚ್ ಎಂಬ ಹಾರ್ಮೋನನ್ನು ಮಿಡಿತದಂತೆ ಬಿಡುತ್ತವೆ. ಅದನ್ನು ಕೇಳಿ ಪಿಟ್ಯುಟರಿ ಗ್ರಂಥಿ ಎಲ್‌ಎಚ್, ಎಫ್‌ಎಸ್‌ಎಚ್ ಎಂಬ ಎರಡು ಹಾರ್ಮೋನು ಕಳಿಸುತ್ತದೆ. ಅವು ತಲುಪಿದ ಮೇಲೆ ವೃಷಣಗಳು ಟೆಸ್ಟೋಸ್ಟಿರೋನ್ ಮಾಡುತ್ತವೆ, ಮೀಸೆ ಬರುತ್ತದೆ, ದನಿ ಒಡೆಯುತ್ತದೆ. ವಿಚಿತ್ರವೆಂದರೆ ಈ ನರಕೋಶಗಳು ಹುಟ್ಟುವುದು ಮಿದುಳಿನಲ್ಲಿ ಅಲ್ಲ, ಭ್ರೂಣದ ಮೂಗಿನಲ್ಲಿ. ಅಲ್ಲಿಂದ ಅವು ವಾಸನೆಯ ನರಗಳ ಎಳೆ ಹಿಡಿದು, ಜರಡಿಯಂಥ ಒಂದು ತೆಳು ಎಲುಬನ್ನು ದಾಟಿ, ಮಿದುಳಿಗೆ ವಲಸೆ ಹೋಗುತ್ತವೆ. ಇದನ್ನು 1989ರಲ್ಲಿ ಇಲಿಯ ಭ್ರೂಣಗಳಲ್ಲಿ ತೋರಿಸಿದವರು ಮಾರ್ಲೀನ್ ಶ್ವಾನ್ಝೆಲ್ ಫುಕುಡಾ ಮತ್ತು ಡೊನಾಲ್ಡ್ ಫಾಫ್. ಫಾಫ್ ನ್ಯೂಯಾರ್ಕಿನ ರಾಕ್‌ಫೆಲರ್ ವಿಶ್ವವಿದ್ಯಾಲಯದ ನರವಿಜ್ಞಾನಿ, ಹಾರ್ಮೋನುಗಳು ನಡವಳಿಕೆಯನ್ನು ಹೇಗೆ ತಿದ್ದುತ್ತವೆ ಎಂಬುದರ ಬೆನ್ನು ಹತ್ತಿದವರು. ಅದೇ ವರ್ಷ ಅವರ ತಂಡ ಒಂದು ಮಾನವ ಭ್ರೂಣವನ್ನೂ ಪರೀಕ್ಷಿಸಿತು. ಅದರಲ್ಲಿ ಎಕ್ಸ್ ವರ್ಣತಂತುವಿನ ಒಂದು ತುಣುಕು ಇರಲಿಲ್ಲ. ಹಾರ್ಮೋನು ಕೋಶಗಳು ಹುಟ್ಟಿದ್ದವು, ಹೊರಟೂ ಇದ್ದವು. ಮಿದುಳಿನ ಹೊಸ್ತಿಲಲ್ಲಿ, ಜರಡಿ ಎಲುಬಿನ ಆಸುಪಾಸು, ಗುಂಪಾಗಿ ನಿಂತುಬಿಟ್ಟಿದ್ದವು.

ನಿಮ್ಮೂರಿನ ರೈಲಿನ ಲೆಕ್ಕದಲ್ಲಿ ಹೇಳುತ್ತೇನೆ. ರಾಣೆಬೆನ್ನೂರಿನಲ್ಲಿ ಹೊರಟ ಗಾಡಿ ಬ್ಯಾಡಗಿ, ಹಾವೇರಿ ದಾಟಿ ಹುಬ್ಬಳ್ಳಿ ಸೇರಬೇಕು. ಹಳಿ ಹಾವೇರಿಯ ಆಚೆ ಹಾಕಿಯೇ ಇಲ್ಲವೆಂದರೆ ಗಾಡಿ ಅಲ್ಲೇ ನಿಲ್ಲುತ್ತದೆ. ಗಾಡಿ ಚೆನ್ನಾಗಿದೆ, ಹುಬ್ಬಳ್ಳಿಯ ನಿಲ್ದಾಣವೂ ಸಿದ್ಧವಿದೆ. ಹಳಿ ಎಂದರೆ ವಾಸನೆಯ ನರ, ಗಾಡಿ ಎಂದರೆ ಆ ಹಾರ್ಮೋನು ಕೋಶಗಳು. ಹಳಿ ತಪ್ಪಿದವರಿಗೆ ವಾಸನೆಯೂ ಇರುವುದಿಲ್ಲ, ಪ್ರಾಯವೂ ಬರುವುದಿಲ್ಲ. ಈ ಜೋಡಿ ಕೊರತೆಗೆ ಕಾಲ್ಮನ್ ಸಿಂಡ್ರೋಮ್ ಎಂದು ಹೆಸರು. ಸ್ಪೇನಿನ ಅಂಗರಚನಾ ತಜ್ಞರೊಬ್ಬರು 1856ರಲ್ಲೇ ಇದನ್ನು ಗುರುತಿಸಿದ್ದರು. 1944ರಲ್ಲಿ ಫ್ರಾಂಜ್ ಕಾಲ್ಮನ್ ಇದು ಮನೆತನಗಳಲ್ಲಿ ಹರಿದು ಬರುವುದನ್ನು ತೋರಿಸಿದರು. ಅಂದಾಜು 30,000 ಗಂಡುಮಕ್ಕಳಲ್ಲಿ ಒಬ್ಬರಿಗೆ ಇರುತ್ತದೆ, ಹೆಣ್ಣುಮಕ್ಕಳಲ್ಲಿ ಇನ್ನೂ ಅಪರೂಪ. ಆಜ್ಞೆಯೇ ಬಾರದಿರುವುದರಿಂದ ಕೆಲವು ಗಂಡುಮಕ್ಕಳಲ್ಲಿ ಹುಟ್ಟುವಾಗಲೇ ವೃಷಣ ಕೆಳಗಿಳಿದಿರುವುದಿಲ್ಲ. ಆ ಎರಡನೇ ವಯಸ್ಸಿನ ಆಪರೇಷನ್ ನನಗೆ ಏಕೆ ಮುಖ್ಯವಾಯಿತೆಂದು ಈಗ ತಿಳಿದಿರಬಹುದು.

ಎಚ್ಚರಿಕೆಯ ಮಾತನ್ನೂ ಹೇಳಬೇಕು. ನನ್ನ ಬಳಿಗೆ ‘ಮೀಸೆ ಬಂದಿಲ್ಲ’ ಎಂದು ಬರುವ ಹುಡುಗರಲ್ಲಿ ಹೆಚ್ಚಿನವರು ಬರೀ ತಡವಾಗಿ ಅರಳುವವರು. ಅಪ್ಪನೂ ಹಾಗೆಯೇ ತಡವಾಗಿ ಬೆಳೆದಿರುತ್ತಾನೆ, ಕಾದರೆ ಸರಿಹೋಗುತ್ತದೆ. ಅಪೌಷ್ಟಿಕತೆ, ಬಹುಕಾಲದ ಕರುಳಿನ ಅಥವಾ ಕಿಡ್ನಿಯ ರೋಗ, ಥೈರಾಯ್ಡ್, ಅಪರೂಪಕ್ಕೆ ಪಿಟ್ಯುಟರಿಯ ಗಡ್ಡೆ ಇವೂ ಕಾರಣವಾಗಬಹುದು. ಹುಡುಗರಿಗೆ 14 ತುಂಬಿದರೂ ಪ್ರಾಯದ ಯಾವ ಗುರುತೂ ಇಲ್ಲದಿದ್ದರೆ, ಹುಡುಗಿಯರಿಗೆ 13 ತುಂಬಿದರೂ ಎದೆ ಬೆಳೆಯದಿದ್ದರೆ ತೋರಿಸಬೇಕು. ನೀವು 17ರ ತನಕ ಕಾದದ್ದು ತಡವೇ. ಕೈಮೀರಿಲ್ಲ.

ಎತ್ತರ ಬೆಳೆಯುತ್ತಲೇ ಇದ್ದಾನೆ ಎಂದಿರಿ. ಎಲುಬಿನ ಬೆಳೆಯುವ ತುದಿಗಳು ಕೂಡಿಕೊಳ್ಳಲು ಪ್ರಾಯದ ಹಾರ್ಮೋನು ಬೇಕು. ಅದಿಲ್ಲದೆ ಕೈಕಾಲು ನಿಧಾನವಾಗಿ ಉದ್ದವಾಗುತ್ತಲೇ ಹೋಗುತ್ತವೆ. ಗೋಡೆಗೆ ನಿಲ್ಲಿಸಿ ಎತ್ತರವನ್ನೂ, ಚಾಚಿದ ಎರಡು ಕೈಗಳ ತುದಿಯಿಂದ ತುದಿಗೆ ಅಳತೆಯನ್ನೂ ಬರೆದುಕೊಂಡು ಬನ್ನಿ. ಇನ್ನೊಂದು ಸಣ್ಣ ಪರೀಕ್ಷೆ: ಬಲಗೈಯ ಬೆರಳುಗಳನ್ನು ಒಂದೊಂದಾಗಿ ಹೆಬ್ಬೆರಳಿಗೆ ಬೇಗಬೇಗ ಮುಟ್ಟಿಸಲು ಹೇಳಿ, ಎಡಗೈಯನ್ನು ನೋಡಿ. ಈ ತೊಂದರೆ ಇರುವ ಕೆಲವರಲ್ಲಿ ಇನ್ನೊಂದು ಕೈಯೂ ಕನ್ನಡಿಯಂತೆ ತಾನಾಗಿಯೇ ಆಡುತ್ತದೆ. ಅಂಥವರಲ್ಲಿ ಒಂದೇ ಕಿಡ್ನಿ ಇರುವುದೂ ಉಂಟು, ಹಾಗಾಗಿ ಹೊಟ್ಟೆಯ ಸ್ಕ್ಯಾನ್ ಮಾಡಿಸುತ್ತೇವೆ.

ಉಳಿದ ಪರೀಕ್ಷೆಗಳಲ್ಲಿ ರಕ್ತದ್ದು ಮುಖ್ಯ. ಟೆಸ್ಟೋಸ್ಟಿರೋನ್ ಬೆಳಿಗ್ಗೆ ಹೆಚ್ಚಿರುವುದರಿಂದ 8-9 ಗಂಟೆಯೊಳಗೆ, ಖಾಲಿ ಹೊಟ್ಟೆಯಲ್ಲಿ ರಕ್ತ ತೆಗೆಯಬೇಕು. ಮಧ್ಯಾಹ್ನ ತೆಗೆಸಿದ ವರದಿ ತಂದು ಅತ್ತವರನ್ನು ನೋಡಿದ್ದೇನೆ. ಟೆಸ್ಟೋಸ್ಟಿರೋನ್ ಕಡಿಮೆಯಿದ್ದು, ಎಲ್‌ಎಚ್, ಎಫ್‌ಎಸ್‌ಎಚ್ ಕೂಡ ಏರದಿದ್ದರೆ ತೊಂದರೆ ಮೇಲಿನ ಆಜ್ಞೆಯಲ್ಲಿದೆ. ಅವೆರಡು ಏರಿದ್ದರೆ ವೃಷಣದಲ್ಲಿದೆ. ಮಣಿಕಟ್ಟಿನ ಎಕ್ಸ್‌ರೇ ಎಲುಬಿನ ವಯಸ್ಸು ಹೇಳುತ್ತದೆ. ಎಂಆರ್‌ಐ ಮಾಡಿಸಿದರೆ ಪಿಟ್ಯುಟರಿಯನ್ನೂ, ಮೂಗಿನ ಮೇಲೆ ಎಲ್ಲರಿಗೂ ಇರಬೇಕಾದ, ವಾಸನೆಯ ಸುದ್ದಿ ಪಡೆಯುವ ಮಿದುಳಿನ ಭಾಗಗಳು (ಘ್ರಾಣಗಡ್ಡೆಗಳು; ಇವು ರೋಗದ ಗಡ್ಡೆಗಳಲ್ಲ) ಇವೆಯೇ ಎಂಬುದನ್ನೂ ನೋಡಬಹುದು. ಜೀನಿನ ಪರೀಕ್ಷೆ ದುಬಾರಿ, ಚಿಕಿತ್ಸೆ ಶುರು ಮಾಡಲು ಅದಕ್ಕಾಗಿ ಕಾಯಬೇಕಿಲ್ಲ.

ಕಾಲ್ಮನ್ ಎಂದೇ ಖಚಿತವಾದರೆ ಮುಂದೇನು? ವಾಸನೆ ತರಿಸುವ ಔಷಧಿ ಇಲ್ಲ, ಇದನ್ನು ನೇರವಾಗಿ ಹೇಳಿಬಿಡುತ್ತೇನೆ. ಪ್ರಾಯ ತರಿಸಬಹುದು, ಅದೂ ಚೆನ್ನಾಗಿ. ಸಾಮಾನ್ಯ ದಾರಿ ಟೆಸ್ಟೋಸ್ಟಿರೋನ್ ಚುಚ್ಚುಮದ್ದು: ತಿಂಗಳಿಗೊಮ್ಮೆ ಸಣ್ಣ ಪ್ರಮಾಣದಿಂದ ಹಿಡಿದು ಒಂದೆರಡು ವರ್ಷದಲ್ಲಿ ನಿಧಾನವಾಗಿ ಏರಿಸುತ್ತೇವೆ. ನಿಸರ್ಗ ನಾಲ್ಕು ವರ್ಷದಲ್ಲಿ ಮಾಡುವುದನ್ನು ನಾಲ್ಕು ತಿಂಗಳಲ್ಲಿ ಮಾಡಲು ಹೋದರೆ ಮೊಡವೆ, ಸಿಡುಕು, ನಿದ್ದೆಗೇಡು ಎಲ್ಲ ಒಟ್ಟಿಗೆ ಬರುತ್ತವೆ. ರಕ್ತ ಗಟ್ಟಿಯಾಗುತ್ತಿದೆಯೇ ಎಂದು ಆಗಾಗ ನೋಡುತ್ತಿರಬೇಕು. ಇದರಿಂದ ದನಿ, ಮೀಸೆ, ಮಾಂಸಖಂಡ, ಎಲುಬಿನ ಗಟ್ಟಿತನ ಬರುತ್ತವೆ. ವೀರ್ಯಾಣು ಉತ್ಪತ್ತಿ ಆಗುವುದಿಲ್ಲ, ವೃಷಣವೂ ಬೆಳೆಯುವುದಿಲ್ಲ. ಇದನ್ನು ಮೊದಲೇ ಹೇಳದ ಕಾರಣ ಮದುವೆಯಾಗಿ ಮೂರು ವರ್ಷದ ಮೇಲೆ ದಿಗಿಲುಬಿದ್ದು ಬಂದವರಿದ್ದಾರೆ.

ಇನ್ನೊಂದು ದಾರಿ ಎಚ್‌ಸಿಜಿ (ಎಲ್‌ಎಚ್‌ನಂತೆಯೇ ಕೆಲಸ ಮಾಡುವ ಹಾರ್ಮೋನು) ಮತ್ತು ಎಫ್‌ಎಸ್‌ಎಚ್ ಚುಚ್ಚುಮದ್ದು. ವಾರಕ್ಕೆ ಎರಡು ಮೂರು ಸಲ, ಆರು ತಿಂಗಳಿನಿಂದ ಎರಡು ವರ್ಷದ ತನಕ. ಇದರಿಂದ ವೃಷಣವೇ ಕೆಲಸ ಮಾಡತೊಡಗುತ್ತದೆ, ಹೆಚ್ಚಿನವರಲ್ಲಿ ವೀರ್ಯಾಣು ಕಾಣಿಸಿಕೊಳ್ಳುತ್ತವೆ, ಮಕ್ಕಳಾಗುತ್ತವೆ. ವೃಷಣ ಇಳಿಯದೆ ಇದ್ದ ಇತಿಹಾಸವಿದ್ದರೆ ಅವಕಾಶ ಸ್ವಲ್ಪ ಕಡಿಮೆ. ನಿಮ್ಮ ಮಗನದು ಒಂದೇ ಬದಿಗೆ, ಎರಡನೇ ವಯಸ್ಸಿಗೇ ಸರಿಪಡಿಸಿದ್ದು ಒಳ್ಳೆಯದಾಯಿತು. ಖರ್ಚು ಭಾರವಾಗುತ್ತದೆ, ಮುಖ್ಯವಾಗಿ ಎಫ್‌ಎಸ್‌ಎಚ್‌ನದು. ಅನೇಕ ಮನೆಗಳು ಈಗ ಟೆಸ್ಟೋಸ್ಟಿರೋನ್, ಮಗು ಬೇಕೆಂದಾಗ ಇದು ಎಂದು ತೀರ್ಮಾನಿಸುತ್ತವೆ. ಅದು ತಪ್ಪಲ್ಲ. ಕೈಯಲ್ಲಿ ಹಣವಿದ್ದರೆ ವೃಷಣವನ್ನು ಮೊದಲೇ ಎಬ್ಬಿಸುವುದು ನನ್ನ ಒಲವು. ಹತ್ತರಲ್ಲಿ ಒಬ್ಬಿಬ್ಬರಲ್ಲಿ ಕೆಲವು ವರ್ಷಗಳ ಚಿಕಿತ್ಸೆಯ ಬಳಿಕ ಆಜ್ಞೆ ತಾನಾಗಿಯೇ ಶುರುವಾಗುವುದೂ ಉಂಟು, ಆದ್ದರಿಂದ ನಡುವೆ ಔಷಧಿ ನಿಲ್ಲಿಸಿ ನೋಡುತ್ತೇವೆ.

ಏನೂ ಮಾಡದೆ ಕಾಯುವುದೂ ಒಂದು ಆಯ್ಕೆಯೇ. ಅದರ ಬೆಲೆ ಎಲುಬು ತೆರುತ್ತದೆ: ಮೂವತ್ತರಲ್ಲೇ ಮುದುಕರ ಎಲುಬು. ಜಿಮ್ಮಿನಲ್ಲಿ ಸಿಗುವ ಚುಚ್ಚುಮದ್ದು, ಹೆಸರಿಲ್ಲದ ‘ಶಕ್ತಿ ಪುಡಿ’ಗಳ ಹತ್ತಿರ ಹೋಗಬೇಡಿ, ಒಳಗೆ ಏನಿದೆ ಎಂದು ಮಾರುವವನಿಗೂ ಗೊತ್ತಿರುವುದಿಲ್ಲ. ಮುಂದೆ ‘ಮದುವೆ ಮಾಡಿದರೆ ಸರಿಹೋಗುತ್ತದೆ’ ಎಂಬ ಸಲಹೆಯೂ ಬಂದೇ ಬರುತ್ತದೆ. ಹಾಗೆ ಸರಿಹೋಗುವುದಿಲ್ಲ, ಇನ್ನೊಬ್ಬ ಹೆಣ್ಣುಮಗಳು ಸಿಕ್ಕಿಕೊಳ್ಳುತ್ತಾಳೆ ಅಷ್ಟೇ.

ಹುಡುಗನ ಸ್ವಭಾವ ಬದಲಾಗುತ್ತದೆಯೇ ಎಂದು ಅನೇಕ ತಾಯಂದಿರು ಕೇಳುತ್ತಾರೆ. ಓದಿನಲ್ಲಿ ಚುರುಕಾದವನು ಚುರುಕಾಗಿಯೇ ಇರುತ್ತಾನೆ. ಹದಿನಾಲ್ಕರ ಹುಡುಗನ ಕೋಪ, ಕನಸು, ನಾಚಿಕೆಗಳು ಇವನಿಗೆ ಹದಿನೆಂಟರಲ್ಲಿ ಬರಬಹುದು, ಅಷ್ಟನ್ನು ಮನೆಯವರು ಸಹಿಸಿಕೊಳ್ಳಬೇಕು. ಡಾಕ್ಟರ ಬಳಿ ಅವನನ್ನು ಒಬ್ಬನನ್ನೇ ಹತ್ತು ನಿಮಿಷ ಬಿಡಿ. ಅವ್ವನ ಎದುರು ಹೇಳಲಾಗದ ಪ್ರಶ್ನೆಗಳು ಅವನಲ್ಲಿ ಇದ್ದೇ ಇರುತ್ತವೆ. ಗ್ಯಾಸ್ ಸೋರಿದರೆ ಕೂಗುವ ಅಲಾರಂ ಸಿಗುತ್ತದೆ, ಈ ವಾರವೇ ಹಾಕಿಸಿ. ಹಳಸಿದ ಸಾರು, ಕೆಟ್ಟ ಹಾಲು ಅವನಿಗೆ ತಿಳಿಯುವುದಿಲ್ಲ. ನಾಳೆ ಹಾಸ್ಟೆಲಿಗೆ ಹೋದರೆ ದಿನಾಂಕ ನೋಡಿ ತಿನ್ನುವುದನ್ನು, ಅಂಗಿಯನ್ನು ಮೂಸಿ ನೋಡದೆ ದಿನವೂ ಬದಲಿಸುವುದನ್ನು ಈಗಲೇ ರೂಢಿ ಮಾಡಿಸಿ.

ತವರಿನ ದೋಷದ ಮಾತು ಉಳಿಯಿತು. ಈ ತೊಂದರೆಗೆ ಕಾರಣವಾಗುವ ಜೀನುಗಳು ಹಲವು. ಅವುಗಳಲ್ಲಿ ಮೊದಲು, 1991ರಲ್ಲಿ, ಸಿಕ್ಕಿದ್ದು ಎಕ್ಸ್ ವರ್ಣತಂತುವಿನ ಮೇಲಿದೆ. ಹೆಂಗಸರಿಗೆ ಎರಡು ಎಕ್ಸ್ ಇರುವುದರಿಂದ ಒಂದು ಕೆಟ್ಟರೂ ಸಾಮಾನ್ಯವಾಗಿ ಏನೂ ತೋರುವುದಿಲ್ಲ. ಗಂಡಿಗೆ ಒಂದೇ ಇರುವುದರಿಂದ ತೋರುತ್ತದೆ. ಹಾಗಾಗಿ ಸೋದರಮಾವನಲ್ಲಿ ಕಂಡದ್ದು ಸೋದರಳಿಯನಲ್ಲಿ ಮತ್ತೆ ಕಾಣಬಹುದು. ನಿಮ್ಮ ತಾಯಿಗೆ ಗೊತ್ತಿರಲಿಲ್ಲ, ನಿಮಗೆ ಗೊತ್ತಿರಲಿಲ್ಲ, ಗರ್ಭಿಣಿಯಾಗಿದ್ದಾಗ ನೀವು ಏನು ತಿಂದಿರಿ ಬಿಟ್ಟಿರಿ ಎಂಬುದಕ್ಕೂ ಇದಕ್ಕೂ ಸಂಬಂಧವಿಲ್ಲ. ಅತ್ತೆಯವರನ್ನೋ ಯಜಮಾನರನ್ನೋ ಜೊತೆಗೆ ಕರೆತನ್ನಿ, ಕಾಗದದ ಮೇಲೆ ಬರೆದು ತೋರಿಸುತ್ತೇನೆ. ನಮ್ಮ ಕಡೆ ಅಕ್ಕನ ಮಗಳನ್ನು ತರುವ ರೂಢಿ ಇರುವುದರಿಂದ, ನಿಮ್ಮ ಸಂಬಂಧಗಳ ವಂಶಾವಳಿ ನನಗೆ ಪೂರ್ತಿ ಬೇಕಾಗುತ್ತದೆ.

ನಿಮ್ಮ ಅಣ್ಣನವರಿಗೆ ಮಕ್ಕಳಾಗಲಿಲ್ಲ ಎಂದು ಬರೆದಿರಿ. ಆ ಮಾತು ಇಷ್ಟು ವರ್ಷ ಯಾರ ತಲೆಯ ಮೇಲೆ ಕುಳಿತಿದೆ ಎಂದು ನಾನು ಕೇಳಬೇಕಿಲ್ಲ. ಅತ್ತಿಗೆಯವರನ್ನು ಏನೇನು ಅಂದಿರುತ್ತಾರೆಂದು ಊಹಿಸಬಲ್ಲೆ. ಹೋಳಿಗೆ ಬೇಯುವಾಗ ಅಣ್ಣನಿಗೆ ವಾಸನೆ ತಿಳಿಯುತ್ತದೆಯೇ ಎಂದು ಅವರನ್ನೇ ಕೇಳಿ. ತಿಳಿಯುವುದಿಲ್ಲ ಎಂದರೆ ಅವರಿಗೂ ಬೆಳಗಿನ ರಕ್ತ ಪರೀಕ್ಷೆ, ಎಲುಬಿನ ಸ್ಕ್ಯಾನ್ ಆಗಬೇಕು. ಅವರ ವಯಸ್ಸು ಎಷ್ಟೇ ಆಗಿರಲಿ, ಚಿಕಿತ್ಸೆ ಅವರಿಗೂ ಇದೆ. ಬೆಳಗಿನ ರೈಲಿಗೆ ಮಗನ ಜೊತೆ ಮಾವನನ್ನೂ ಹತ್ತಿಸಿ. ಇಬ್ಬರೂ ತಿಂಡಿ ತಿನ್ನದೆ ಬರಲಿ.